ನಗೆಯ ಜಾದೂಗಾರ

ಜಾದೂಗಾರನ ಆಟವನ್ನು ನೋಡದ ಮಕ್ಕಳು ವಿರಳ. ಊರ ಜಾತ್ರೆಯಲ್ಲೋ ಶಾಲೆಯ ಅಂಗಳದಲ್ಲೋ ಅವನು ಬರಿಗೈಯಿಂದ ನಾಣ್ಯ ಉದುರಿಸುತ್ತಾನೆ. ಖಾಲಿ ಪೆಟ್ಟಿಗೆಯಿಂದ ಪಾರಿವಾಳ ಹಾರಿಸುತ್ತಾನೆ. ಕಣ್ಣೆದುರಿಗೆ ಇದ್ದುದನ್ನು ಮಾಯಮಾಡುತ್ತಾನೆ. ನೋಡುವವರಿಗೆ ಬೆರಗಾಗುತ್ತದೆ. ಹೀಗೆ ಬೆರಗು ಹುಟ್ಟಿಸುವ ಜಾದೂಗಾರರು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಆದರೆ ಬೆರಗಿನ ಜೊತೆಗೆ ನಗೆಯನ್ನೂ ಹುಟ್ಟಿಸಿ, ತನ್ನನ್ನೇ ಹಾಸ್ಯಕ್ಕೆ ಗುರಿಮಾಡಿಕೊಂಡು, ನೋಡುವವರ ಮನಸ್ಸನ್ನು ಹಗುರಗೊಳಿಸುವ ಜಾದೂಗಾರರು ಕೆಲವರು ಮಾತ್ರ. ಅಂಥವರಲ್ಲಿ ಅಗ್ರಗಣ್ಯನಾದವನು ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೆಸ್. ರಂಗಭೂಮಿಯ ಮೇಲಿನ ಕಣ್ಕಟ್ಟನ್ನು ಬೆಳ್ಳಿತೆರೆಯ ಮೇಲೆ ತಂದು ಚಲನಚಿತ್ರವನ್ನು ಕಲೆಯನ್ನಾಗಿ ಮಾಡಿದ ಮೊದಲಿಗರಲ್ಲಿ ಅವನೂ ಒಬ್ಬ. ಕೀರ್ತಿಯ ಶಿಖರವನ್ನೂ ಬಡತನದ ಪಾತಾಳವನ್ನೂ ಅವನು ಕಂಡ. ಎರಡು ಕಡೆಯೂ ಅವನ ನಗೆ ಅವನನ್ನು ಬಿಟ್ಟು ಹೋಗಲಿಲ್ಲ.

ಮೆಲಿಯೆಸ್ ಹುಟ್ಟಿದ್ದು 1861ರ ಡಿಸೆಂಬರ್ 8ರಂದು, ಪ್ಯಾರಿಸ್ ನಗರದಲ್ಲಿ. ಅವನ ತಂದೆ ಲೂಯಿ ಮೆಲಿಯೆಸ್ ಚಮ್ಮಾರಿಕೆಯನ್ನು ಕಲಿತು ಹೊಟ್ಟೆಪಾಡಿಗಾಗಿ ಪ್ಯಾರಿಸಿಗೆ ಬಂದ ಕುಶಲಕರ್ಮಿ. ತಾಯಿ ಕ್ಯಾಥರೀನ್ ಹಾಲೆಂಡ್ ದೇಶದವಳು. ಆಕೆಯ ತಂದೆಯೂ ಬೂಟು ತಯಾರಕನೇ ಆಗಿದ್ದ. ಬೆಂಕಿಯಿಂದ ಅವನ ಕಾರ್ಖಾನೆ ಹಾಳಾಗಿತ್ತು. ಕೆಲಸದ ನಡುವೆ ಪರಿಚಯವಾದ ಈ ಇಬ್ಬರು ಮದುವೆಯಾಗಿ, ದುಡಿದು, ಉತ್ತಮ ಬಗೆಯ ಬೂಟುಗಳನ್ನು ತಯಾರಿಸುವ ಕಾರ್ಖಾನೆಯೊಂದನ್ನು ಕಟ್ಟಿದರು. ಜಾರ್ಜ್ ಹುಟ್ಟುವ ಹೊತ್ತಿಗೆ ಮನೆ ಸಿರಿವಂತರ ಮನೆಯಾಗಿತ್ತು. ಅವನಿಗೆ ಹೆನ್ರಿ ಮತ್ತು ಗ್ಯಾಸ್ಟನ್ ಎಂಬ ಇಬ್ಬರು ಅಣ್ಣಂದಿರು. ಮೂವರು ಮಕ್ಕಳೂ ಮುಂದೆ ಕಾರ್ಖಾನೆಯನ್ನೇ ನೋಡಿಕೊಳ್ಳಬೇಕೆಂಬುದು ತಂದೆಯ ಆಸೆ.

ಆದರೆ ಕಿರಿಯ ಮಗನ ಮನಸ್ಸು ಚಕ್ಕಳದ ವಾಸನೆಯಲ್ಲಿ ನಿಲ್ಲಲಿಲ್ಲ. ಪ್ಯಾರಿಸಿನ ಹೆಸರಾಂತ ಶಾಲೆಯಲ್ಲಿ ಓದುತ್ತಿದ್ದಾಗ ಅವನ ಪುಸ್ತಕಗಳ ಅಂಚುಗಳೆಲ್ಲ ಚಿತ್ರಗಳಿಂದ ತುಂಬಿಹೋಗಿದ್ದವು. ಸಹಪಾಠಿಗಳ ಮುಖ, ಉಪಾಧ್ಯಾಯರ ವಿಕಟಚಿತ್ರ, ಕಲ್ಪನೆಯ ಅರಮನೆಗಳು, ಹೀಗೆ ಅವನ ಲೇಖನಿ ಸುಮ್ಮನಿರುತ್ತಿರಲಿಲ್ಲ. ಇದಕ್ಕಾಗಿ ಅವನು ಶಿಕ್ಷೆಗೂ ಗುರಿಯಾದ. ಹತ್ತು ವರ್ಷದವನಾಗಿದ್ದಾಗಲೇ ಅವನು ರಟ್ಟಿನಿಂದ ಪುಟ್ಟ ಬೊಂಬೆಯಾಟದ ರಂಗಸ್ಥಳಗಳನ್ನು ಕಟ್ಟುತ್ತಿದ್ದ. ಬೊಂಬೆಯನ್ನು ಕುಣಿಸುವವನಿಗೆ ಎರಡು ವಿಷಯಗಳು ತಿಳಿದಿರಬೇಕು: ನೋಡುವವರ ಕಣ್ಣು ಎಲ್ಲಿದೆ ಎಂಬುದು ಒಂದು, ದಾರ ಎಲ್ಲಿ ಅಡಗಿರಬೇಕು ಎಂಬುದು ಇನ್ನೊಂದು. ಈ ಪಾಠವನ್ನು ಅವನಿಗೆ ಶಾಲೆ ಕಲಿಸಲಿಲ್ಲ. ರಟ್ಟಿನ ರಂಗಸ್ಥಳ ಕಲಿಸಿತು.

ಶಾಲೆಯ ವಿದ್ಯಾಭ್ಯಾಸ ಮತ್ತು ಕಡ್ಡಾಯವಾದ ಸೈನಿಕ ಸೇವೆ ಮುಗಿದ ಮೇಲೆ, 1884ರಲ್ಲಿ, ತಂದೆ ಅವನನ್ನು ಲಂಡನ್ನಿಗೆ ಕಳುಹಿಸಿದ. ಅಲ್ಲಿ ಮಿತ್ರನೊಬ್ಬನ ಅಂಗಡಿಯಲ್ಲಿ ಕೆಲಸ ಮಾಡುತ್ತ ಮಗ ಇಂಗ್ಲಿಷ್ ಭಾಷೆಯನ್ನೂ ವ್ಯಾಪಾರದ ರೀತಿನೀತಿಗಳನ್ನೂ ಕಲಿಯಲಿ ಎಂಬುದು ಅವನ ಉದ್ದೇಶ. ಸಂಜೆಯ ಬಿಡುವಿನಲ್ಲಿ ನಾಟಕಗಳಿಗೆ ಹೋಗೋಣವೆಂದರೆ ಮೆಲಿಯೆಸನಿಗೆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಮಾತಿನ ಹಂಗಿಲ್ಲದ ಆಟವೊಂದು ಬೇಕಾಗಿತ್ತು. ಹೀಗೆ ಹುಡುಕುತ್ತ ಅವನು ಈಜಿಪ್ಷಿಯನ್ ಹಾಲ್ ಎಂಬ ರಂಗಮಂದಿರಕ್ಕೆ ಬಂದ. ಅಲ್ಲಿ ಮ್ಯಾಸ್ಕೆಲಿನ್ ಎಂಬ ಪ್ರಸಿದ್ಧ ಜಾದೂಗಾರನ ಪ್ರದರ್ಶನಗಳು ನಡೆಯುತ್ತಿದ್ದವು. ಮ್ಯಾಸ್ಕೆಲಿನ್ ಬಿಡಿಬಿಡಿಯಾದ ಕೈಚಳಕಗಳನ್ನು ಮಾತ್ರ ತೋರಿಸುತ್ತಿರಲಿಲ್ಲ. ಅವುಗಳನ್ನು ಒಂದು ಪುಟ್ಟ ಹಾಸ್ಯನಾಟಕದೊಳಗೆ ಹೆಣೆಯುತ್ತಿದ್ದ. ಭಾಷೆ ತಿಳಿಯದ ತರುಣ ದಿನದಿನವೂ ಅಲ್ಲಿಗೆ ಹೋಗಿ ಕುಳಿತ. ವ್ಯಾಪಾರ ಕಲಿಯಲು ಹೋದವನು ಇಂದ್ರಜಾಲವನ್ನು ಕಲಿತು ಹಿಂದಿರುಗಿದ.

ಪ್ಯಾರಿಸಿಗೆ ಬಂದ ಮೇಲೆ ಚಿತ್ರಕಲೆಯನ್ನು ಅಭ್ಯಾಸ ಮಾಡಬೇಕೆಂದು ಅವನು ಬಯಸಿದ. ತಂದೆ ಒಪ್ಪಲಿಲ್ಲ. ಕಲಾಶಾಲೆಯ ಬಾಗಿಲು ಮುಚ್ಚಿತು; ಕಾರ್ಖಾನೆಯ ಬಾಗಿಲು ತೆರೆಯಿತು. ಅಲ್ಲಿ ಯಂತ್ರಗಳ ಮೇಲ್ವಿಚಾರಣೆ ಮೆಲಿಯೆಸನ ಪಾಲಿಗೆ ಬಂತು. ಇಷ್ಟವಿಲ್ಲದ ಕೆಲಸವಾದರೂ ಅವನು ಅದನ್ನು ತಾತ್ಸಾರ ಮಾಡಲಿಲ್ಲ. ಹಲ್ಲುಗಾಲಿ ಹೇಗೆ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಕೆಟ್ಟ ಯಂತ್ರವನ್ನು ಹೇಗೆ ಬಿಚ್ಚಿ ಮತ್ತೆ ಜೋಡಿಸಬೇಕು ಎಂಬುದನ್ನು ಕಲಿತುಕೊಂಡ. ಈ ವಿದ್ಯೆ ಮುಂದೆ ಅವನ ಬಾಳನ್ನೇ ಬದಲಾಯಿಸಿತು. 1885ರಲ್ಲಿ ಅವನು ಯೂಜೆನಿ ಎಂಬ ಕನ್ಯೆಯನ್ನು ಮದುವೆಯಾದ. ಹಗಲಿನಲ್ಲಿ ಕಾರ್ಖಾನೆ, ಸಂಜೆ ಜಾದೂವಿನ ಅಭ್ಯಾಸ, ಹೀಗೆ ಕೆಲಕಾಲ ಸಾಗಿತು. ಪ್ಯಾರಿಸಿನ ಮೇಣದ ಬೊಂಬೆಗಳ ಸಂಗ್ರಹಾಲಯವೊಂದರಲ್ಲಿ ಅವನು ಸಾರ್ವಜನಿಕರ ಎದುರು ಆಟವಾಡತೊಡಗಿದ.

1888ರಲ್ಲಿ ತಂದೆ ವ್ಯವಹಾರದಿಂದ ನಿವೃತ್ತನಾದ. ಮೆಲಿಯೆಸ್ ಕಾರ್ಖಾನೆಯಲ್ಲಿ ತನಗೆ ಬಂದ ಪಾಲನ್ನು ಅಣ್ಣಂದಿರಿಗೆ ಮಾರಿದ. ಆ ಹಣಕ್ಕೆ ಹೆಂಡತಿ ತಂದಿದ್ದ ಹಣವನ್ನು ಸೇರಿಸಿ ಪ್ಯಾರಿಸಿನ ರಾಬರ್ಟ್-ಹೂಡಿನ್ ರಂಗಮಂದಿರವನ್ನು ಕೊಂಡುಕೊಂಡ. ರಾಬರ್ಟ್-ಹೂಡಿನ್ ಗಡಿಯಾರ ತಯಾರಕನಾಗಿದ್ದು ಜಾದೂಗಾರನಾದವನು. ಆಧುನಿಕ ಇಂದ್ರಜಾಲದ ಪಿತಾಮಹನೆಂದು ಹೆಸರಾದವನು. ಮುಂದೆ ಅಮೆರಿಕದಲ್ಲಿ ಲೋಕಪ್ರಸಿದ್ಧನಾದ ಹೂಡಿನಿ ತನ್ನ ಹೆಸರನ್ನು ಪಡೆದದ್ದು ಇವನ ಹೆಸರಿನಿಂದಲೇ. ಅಂಥವನು ಆಳಿದ ರಂಗಸ್ಥಳ ಈಗ ಹಳೆಯದಾಗಿತ್ತು, ಜನರೂ ಕಡಿಮೆಯಾಗಿದ್ದರು. ಸುಮಾರು ಇನ್ನೂರು ಆಸನಗಳ ಆ ಪುಟ್ಟ ಮಂದಿರಕ್ಕೆ ಮತ್ತೆ ಜೀವ ತುಂಬುವ ಹೊಣೆಯನ್ನು ಇಪ್ಪತ್ತಾರು ವರ್ಷದ ಮೆಲಿಯೆಸ್ ಹೊತ್ತುಕೊಂಡ.

ಮುಂದಿನ ಕೆಲವು ವರ್ಷಗಳಲ್ಲಿ ಅವನು ಸುಮಾರು ಮೂವತ್ತು ಹೊಸ ಆಟಗಳನ್ನು ರಚಿಸಿದ. ಅವುಗಳಲ್ಲಿ ಹೆಸರುಗಳಿಸಿದ್ದು ರುಂಡ ಕಡಿದರೂ ಹಟ ಬಿಡದ ಪಂಡಿತನ ಆಟ. ರಂಗದ ಮೇಲೆ ಮಹಾಪಂಡಿತನೊಬ್ಬ ಉಪನ್ಯಾಸ ಆರಂಭಿಸುತ್ತಾನೆ. ಅವನ ಮಾತಿಗೆ ಕೊನೆಯೇ ಇಲ್ಲ. ಬೇರೆ ದಾರಿ ಕಾಣದೆ ಅವನ ತಲೆಯನ್ನೇ ಕತ್ತರಿಸಲಾಗುತ್ತದೆ. ಆದರೆ ಮುಂಡದಿಂದ ಬೇರೆಯಾದ ತಲೆ ಸುಮ್ಮನಾಗುವುದಿಲ್ಲ. ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತದೆ! ತಲೆಯನ್ನು ಮತ್ತೆ ಮುಂಡಕ್ಕೆ ಸೇರಿಸುವವರೆಗೂ ಉಪನ್ಯಾಸ ನಿಲ್ಲುವುದಿಲ್ಲ. ರುಂಡ ಕಡಿಯುವ ಆಟವನ್ನು ಬೇರೆ ಜಾದೂಗಾರರೂ ಆಡುತ್ತಿದ್ದರು. ಅದನ್ನು ನೋಡಿ ಜನ ಹೆದರುತ್ತಿದ್ದರು. ಮೆಲಿಯೆಸನ ಆಟವನ್ನು ನೋಡಿ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಭಯಾನಕವನ್ನು ಹಾಸ್ಯವಾಗಿ ತಿರುಗಿಸುವುದೇ ಅವನ ವೈಶಿಷ್ಟ್ಯವಾಯಿತು. ಇದೇ ಕಾಲದಲ್ಲಿ ಅವನು ಒಂದು ವಿನೋದಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಆ ಚಿತ್ರಗಳಿಗೆ ಜಿಯೋ ಸ್ಮೈಲ್ ಎಂದು ಸಹಿ ಹಾಕುತ್ತಿದ್ದ. ಸ್ಮೈಲ್ ಎಂದರೆ ಇಂಗ್ಲಿಷಿನಲ್ಲಿ ಮುಗುಳ್ನಗೆ. ಅವನ ಹೆಸರಿನೊಳಗೇ ನಗೆ ಅಡಗಿ ಕುಳಿತಿತ್ತು.

1895ರ ಡಿಸೆಂಬರ್ 28 ಅವನ ಬಾಳಿನಲ್ಲಿ ಮರೆಯಲಾಗದ ದಿನ. ಅಂದು ಪ್ಯಾರಿಸಿನ ಗ್ರಾಂಡ್ ಕೆಫೆ ಎಂಬಲ್ಲಿ ಲೂಮಿಯೇರ್ ಸೋದರರು ತಮ್ಮ ಹೊಸ ಯಂತ್ರದಿಂದ ಚಲಿಸುವ ಚಿತ್ರಗಳನ್ನು ತೋರಿಸಿದರು. ಆಹ್ವಾನಿತರಲ್ಲಿ ಮೆಲಿಯೆಸನೂ ಒಬ್ಬ. ಮೊದಲು ಬಿಳಿಯ ಪರದೆಯ ಮೇಲೆ ನಿಶ್ಚಲವಾದ ಛಾಯಾಚಿತ್ರವೊಂದು ಮೂಡಿತು. ಇದರಲ್ಲೇನು ಹೊಸತು ಎಂದು ಅವನು ಉದಾಸೀನನಾಗಿದ್ದ. ಅಷ್ಟರಲ್ಲಿ ಆ ಚಿತ್ರದೊಳಗಿನ ಕುದುರೆಗಾಡಿ ಚಲಿಸಿತು, ಜನ ನಡೆದಾಡಿದರು, ಬೀದಿಗೆ ಬೀದಿಯೇ ಜೀವಗೊಂಡಿತು. ಜಾದೂಗಾರನೇ ಆ ದಿನ ಬೆರಗಾಗಿ ಬಾಯಿತೆರೆದು ಕುಳಿತ. ಪ್ರದರ್ಶನ ಮುಗಿದ ಕೂಡಲೆ ಯಂತ್ರವನ್ನು ತನಗೆ ಮಾರಬೇಕೆಂದು ಬೇಡಿದ. ಹತ್ತು ಸಾವಿರ ಫ್ರಾಂಕುಗಳನ್ನು ಕೊಡಲು ಮುಂದೆ ಬಂದ. ಲೂಮಿಯೇರ್ ಸೋದರರ ತಂದೆ ಒಪ್ಪಲಿಲ್ಲ. ಅವರ ಪಾಲಿಗೆ ಅದು ವಿಜ್ಞಾನದ ಸಾಧನ. ಅದರಿಂದ ಬಹುಕಾಲ ಲಾಭ ಬರುವುದೆಂಬ ನಂಬಿಕೆಯೂ ಅವರಿಗಿರಲಿಲ್ಲ.

ಮೆಲಿಯೆಸ್ ನಿರಾಶನಾಗಲಿಲ್ಲ. ಲಂಡನ್ನಿನಲ್ಲಿ ರಾಬರ್ಟ್ ಪಾಲ್ ಎಂಬ ಯಂತ್ರಶಿಲ್ಪಿ ಇಂಥದೇ ಪ್ರದರ್ಶನ ಯಂತ್ರವನ್ನು ತಯಾರಿಸಿರುವುದು ತಿಳಿದಾಗ ಅದನ್ನು ಕೊಂಡು ತಂದ. ಅದು ಚಿತ್ರಗಳನ್ನು ತೋರಿಸುವ ಯಂತ್ರವೇ ಹೊರತು ತೆಗೆಯುವ ಯಂತ್ರವಲ್ಲ. ಬೂಟಿನ ಕಾರ್ಖಾನೆಯಲ್ಲಿ ಕಲಿತ ವಿದ್ಯೆ ಈಗ ಒದಗಿ ಬಂತು. ಅವನು ಅದನ್ನು ಬಿಚ್ಚಿ, ಅದರ ಗುಟ್ಟನ್ನು ಅರಿತು, ಚಿತ್ರ ತೆಗೆಯುವ ಕ್ಯಾಮೆರಾವನ್ನೇ ನಿರ್ಮಿಸಿದ. ಅದು ಮಾಡುತ್ತಿದ್ದ ಸದ್ದನ್ನು ಕೇಳಿ ಅದಕ್ಕೆ ಕಾಫಿ ಬೀಸುವ ಯಂತ್ರವೆಂದು ತಾನೇ ಹೆಸರಿಟ್ಟು ನಕ್ಕ. 1896ರಲ್ಲಿ ಅವನ ರಂಗಮಂದಿರದಲ್ಲಿ ಜಾದೂವಿನ ಜೊತೆಗೆ ಚಲನಚಿತ್ರಗಳೂ ಪ್ರದರ್ಶನಗೊಂಡವು. ಆರಂಭದ ಚಿತ್ರಗಳು ಸಾಮಾನ್ಯವಾದವು: ಇಸ್ಪೀಟಾಡುವ ಗೆಳೆಯರು, ಬೀದಿಯ ಸಂಚಾರ, ಸಮುದ್ರದ ಅಲೆ.

ಒಂದು ಸಣ್ಣ ಅವಘಡ ತನ್ನ ಕಣ್ಣು ತೆರೆಸಿತೆಂದು ಮೆಲಿಯೆಸ್ ಮುಂದೆ ಹೇಳಿಕೊಂಡಿದ್ದಾನೆ. ಒಂದು ದಿನ ಪ್ಯಾರಿಸಿನ ಒಪೆರಾ ಚೌಕದಲ್ಲಿ ಅವನು ಚಿತ್ರ ತೆಗೆಯುತ್ತಿದ್ದಾಗ ಕ್ಯಾಮೆರಾದೊಳಗಿನ ಸುರುಳಿ ಸಿಕ್ಕಿಕೊಂಡಿತು. ಅದನ್ನು ಸರಿಪಡಿಸಲು ಒಂದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಬೀದಿಯಲ್ಲಿದ್ದ ವಾಹನಗಳೂ ಜನರೂ ಮುಂದೆ ಸರಿದಿದ್ದರು. ಚಿತ್ರವನ್ನು ತೆರೆಯ ಮೇಲೆ ನೋಡಿದಾಗ ಪ್ರಯಾಣಿಕರ ಬಂಡಿಯೊಂದು ಇದ್ದಕ್ಕಿದ್ದಂತೆ ಶವದ ಬಂಡಿಯಾಗಿಬಿಟ್ಟಿತು! ಗಂಡಸರು ಹೆಂಗಸರಾಗಿ ಮಾರ್ಪಟ್ಟರು! ಬೇರೆ ಯಾರಾದರೂ ಆಗಿದ್ದರೆ ಸುರುಳಿ ಕೆಟ್ಟಿತೆಂದು ಎಸೆದುಬಿಡುತ್ತಿದ್ದರೋ ಏನೋ. ಮೆಲಿಯೆಸ್ ಎಸೆಯಲಿಲ್ಲ; ಅದರಲ್ಲಿ ಹೊಸ ಇಂದ್ರಜಾಲದ ಬೀಜವನ್ನು ಕಂಡ.

ಆ ವರ್ಷವೇ ಅವನು ಮಾಯವಾಗುವ ಮಹಿಳೆಯ ಚಿತ್ರವನ್ನು ತೆಗೆದ. ಕುರ್ಚಿಯ ಮೇಲೆ ಕುಳಿತ ಹೆಂಗಸಿಗೆ ಬಟ್ಟೆ ಮುಚ್ಚಿ, ಮರುಕ್ಷಣ ಬಟ್ಟೆ ತೆಗೆದರೆ ಆಕೆ ಇಲ್ಲ. ರಂಗದ ಮೇಲೆ ಈ ಆಟಕ್ಕೆ ನೆಲದಲ್ಲಿ ಕಳ್ಳಬಾಗಿಲು ಬೇಕಾಗಿತ್ತು. ಚಲನಚಿತ್ರದಲ್ಲಿ ಅದರ ಅಗತ್ಯವೇ ಇಲ್ಲ. ಕ್ಯಾಮೆರಾವನ್ನು ನಿಲ್ಲಿಸಿ, ಹೆಂಗಸನ್ನು ಎಬ್ಬಿಸಿ ಕಳುಹಿಸಿ, ಮತ್ತೆ ಕ್ಯಾಮೆರಾವನ್ನು ತಿರುಗಿಸಿದರೆ ಸಾಕು. ಆದರೆ ಮೆಲಿಯೆಸ್ ಅಲ್ಲಿಗೆ ನಿಲ್ಲಲಿಲ್ಲ. ಹೆಂಗಸನ್ನು ಹಿಂದಕ್ಕೆ ಕರೆಯಲು ಹೋದ ಜಾದೂಗಾರನಿಗೆ ಮೊದಲು ಸಿಗುವುದು ಒಂದು ಅಸ್ಥಿಪಂಜರ! ಗಾಬರಿಗೊಂಡ ಅವನು ಅದಕ್ಕೆ ಬಟ್ಟೆ ಮುಚ್ಚಿದ ಮೇಲೆ ಹೆಂಗಸು ನಗುತ್ತ ಎದ್ದು ಬರುತ್ತಾಳೆ. ಜಾದೂಗಾರನೇ ತನ್ನ ಜಾದೂವಿಗೆ ಬೆದರುವ ಈ ವಿನೋದ ಮೆಲಿಯೆಸನ ಚಿತ್ರಗಳ ಜೀವಾಳ. ಆ ಚಿತ್ರದಲ್ಲಿ ನಟಿಸಿದಾಕೆ ಅವನ ರಂಗಮಂದಿರದ ನಟಿ ಜೆಹಾನ್ ದಾಲ್ಸಿ.

ಪ್ಯಾರಿಸಿನ ಸಮೀಪದ ಮಾಂತ್ರೇಯ್ ಎಂಬಲ್ಲಿ ಅವನ ಕುಟುಂಬಕ್ಕೆ ಸೇರಿದ ಜಮೀನಿತ್ತು. 1897ರಲ್ಲಿ ಅಲ್ಲಿ ಅವನು ಗಾಜಿನ ಗೋಡೆ, ಗಾಜಿನ ಮಾಡುಗಳುಳ್ಳ ಚಿತ್ರಶಾಲೆಯನ್ನು ಕಟ್ಟಿಸಿದ. ವಿದ್ಯುದ್ದೀಪಗಳ ಬೆಳಕು ಸಾಲದ ಆ ಕಾಲದಲ್ಲಿ ಸೂರ್ಯನೇ ಅವನ ದೀಪ. ಕಥೆಗಾರ, ನಿರ್ದೇಶಕ, ಮುಖ್ಯನಟ, ಪರದೆಗಳ ಚಿತ್ರಕಾರ, ಉಡುಪುಗಳ ರಚಕ, ಈ ಎಲ್ಲವೂ ಅವನೊಬ್ಬನೇ. ಅಂದಿನ ಫಿಲ್ಮಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಮೂಡುತ್ತಿತ್ತು. ಆದುದರಿಂದ ಪರದೆಗಳನ್ನೆಲ್ಲ ಬೂದುಬಣ್ಣದ ಬಗೆಬಗೆಯ ಛಾಯೆಗಳಲ್ಲಿಯೇ ಚಿತ್ರಿಸುತ್ತಿದ್ದ. ಹಗಲು ಚಿತ್ರಶಾಲೆ, ರಾತ್ರಿ ರಂಗಮಂದಿರ. ಅವನಿಗೆ ವಿಶ್ರಾಂತಿಯೆಂಬುದೇ ಇರಲಿಲ್ಲ. ನಕ್ಷತ್ರವನ್ನು ಮುದ್ರೆಯಾಗಿ ಪಡೆದ ಅವನ ಸ್ಟಾರ್ ಫಿಲ್ಮ್ ಸಂಸ್ಥೆ ಐದುನೂರಕ್ಕೂ ಮಿಕ್ಕಿ ಚಿತ್ರಗಳನ್ನು ನಿರ್ಮಿಸಿತು. ಅವುಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳವು.

1898ರ ಒಂದು ಚಿತ್ರದಲ್ಲಿ ಮೆಲಿಯೆಸ್ ತನ್ನ ತಲೆಯನ್ನು ತಾನೇ ಕಿತ್ತು ಮೇಜಿನ ಮೇಲಿಡುತ್ತಾನೆ. ಅವನಿಗೆ ಹೊಸ ತಲೆ ಮೂಡುತ್ತದೆ. ಅದನ್ನೂ ಕಿತ್ತಿಡುತ್ತಾನೆ. ಹೀಗೆ ಮೂರು ತಲೆಗಳು ಮೇಜಿನ ಮೇಲಿರಲು, ನಾಲ್ಕನೆಯ ತಲೆ ಹೆಗಲ ಮೇಲಿರುತ್ತದೆ. ಅವನು ತಂತಿವಾದ್ಯವನ್ನು ನುಡಿಸಿ ಹಾಡತೊಡಗಿದರೆ ತಲೆಗಳೂ ಹಾಡತೊಡಗುತ್ತವೆ. ಅವುಗಳ ಕಿರುಚಾಟವನ್ನು ತಾಳಲಾರದೆ ಅವನು ವಾದ್ಯದಿಂದಲೇ ಅವುಗಳನ್ನು ಬಡಿಯುತ್ತಾನೆ. 1901ರ ಇನ್ನೊಂದು ಚಿತ್ರದಲ್ಲಿ ಅವನ ತಲೆ ರಬ್ಬರಿನ ಚೆಂಡಿನಂತೆ ತಿದಿಯ ಗಾಳಿಗೆ ಉಬ್ಬುತ್ತದೆ. ದಡ್ಡ ಸಹಾಯಕನು ಮಿತಿಮೀರಿ ಗಾಳಿ ತುಂಬಲು ಅದು ಒಡೆದೇಹೋಗುತ್ತದೆ. ನೋಡಲು ಇವೆಲ್ಲ ಹುಡುಗಾಟ. ಆದರೆ ಇವುಗಳ ಹಿಂದಿದ್ದ ಶ್ರಮ ಸಾಮಾನ್ಯವಾದುದಲ್ಲ. ಕಪ್ಪು ಪರದೆಯ ಮುಂದೆ ಒಂದು ಸಲ ಚಿತ್ರ ತೆಗೆದು, ಸುರುಳಿಯನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮತ್ತೊಮ್ಮೆ ತೆಗೆಯಬೇಕಾಗಿತ್ತು. ಒಂದು ಚಿತ್ರದಲ್ಲಿ ಏಳು ಮಂದಿ ಮೆಲಿಯೆಸರು ಒಟ್ಟಿಗೆ ಕುಳಿತು ಏಳು ವಾದ್ಯಗಳನ್ನು ನುಡಿಸುತ್ತಾರೆ. ಆರು ಸಲ ಸರಿಯಾಗಿ ಬಂದು ಏಳನೆಯ ಸಲ ಒಂದು ಹೆಜ್ಜೆ ತಪ್ಪಿದರೂ ಎಲ್ಲವೂ ವ್ಯರ್ಥ. ಪ್ರೇಕ್ಷಕರ ಒಂದು ನಿಮಿಷದ ನಗೆಗಾಗಿ ಅವನು ದಿನಗಟ್ಟಲೆ ದುಡಿಯುತ್ತಿದ್ದ.

ಅವನ ಕೀರ್ತಿಯನ್ನು ಲೋಕಕ್ಕೆಲ್ಲ ಹರಡಿದ್ದು 1902ರ ಚಂದ್ರಲೋಕ ಯಾತ್ರೆ. ಉದ್ದನೆಯ ಟೋಪಿಗಳನ್ನು ಧರಿಸಿದ ಪಂಡಿತರ ಗುಂಪೊಂದು ದೊಡ್ಡ ಫಿರಂಗಿಯ ಗುಂಡಿನೊಳಗೆ ಕುಳಿತು ಚಂದ್ರನಿಗೆ ಹಾರುತ್ತದೆ. ಗುಂಡು ನೇರವಾಗಿ ಹೋಗಿ ಚಂದ್ರನ ಕಣ್ಣಿಗೇ ನಾಟುತ್ತದೆ; ನಗುತ್ತಿದ್ದ ಚಂದ್ರ ಮುಖ ಸಿಂಡರಿಸುತ್ತಾನೆ. ಅಲ್ಲಿನ ನಿವಾಸಿಗಳು ಕೊಡೆಯ ಏಟಿಗೆ ಹೊಗೆಯಾಗಿ ಹೋಗುತ್ತಾರೆ. ಸುಮಾರು ಹದಿನಾಲ್ಕು ನಿಮಿಷಗಳ ಈ ಚಿತ್ರ ಅಂದಿಗೆ ಬಹಳ ದೀರ್ಘವಾದುದು. ಕೆಲವು ಪ್ರತಿಗಳಿಗೆ ಹೆಣ್ಣುಮಕ್ಕಳು ಕುಂಚ ಹಿಡಿದು ಒಂದೊಂದೇ ಚೌಕಕ್ಕೆ ಕೈಯಿಂದ ಬಣ್ಣ ಹಚ್ಚಿದರು. ಪಂಡಿತರ ನಾಯಕನ ಪಾತ್ರವನ್ನು ಮೆಲಿಯೆಸನೇ ವಹಿಸಿದ್ದ. ಆ ನಾಯಕನಿಗೆ ಅವನು ಕೊಟ್ಟ ಹೆಸರು, ಹಿಂದೆ ರಂಗದ ಮೇಲೆ ತಲೆ ಕಡಿದರೂ ಮಾತು ನಿಲ್ಲಿಸದಿದ್ದ ಪಂಡಿತನ ಹೆಸರೇ! ಮಾನವನು ನಿಜವಾಗಿ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರಲ್ಲಿ. ಅದಕ್ಕೆ ಅರವತ್ತೇಳು ವರ್ಷ ಮೊದಲೇ ಈ ಜಾದೂಗಾರ ಜನರನ್ನು ನಗಿಸುತ್ತಲೇ ಅಲ್ಲಿಗೆ ಕರೆದೊಯ್ದಿದ್ದ.

ಆದರೆ ಕೀರ್ತಿ ಬಂದಂತೆ ಹಣ ಬರಲಿಲ್ಲ. ಅಮೆರಿಕದಲ್ಲಿ ಕೆಲವರು ಚಂದ್ರಲೋಕ ಯಾತ್ರೆಯ ಪ್ರತಿಗಳನ್ನು ಕದ್ದು ಮುದ್ರಿಸಿ ಮಾರಿಕೊಂಡರು. ಊರೂರುಗಳಲ್ಲಿ ಚಿತ್ರ ಪ್ರದರ್ಶನಗೊಂಡಿತು. ಅದನ್ನು ರಚಿಸಿದವನಿಗೆ ನ್ಯಾಯವಾಗಿ ಸಲ್ಲಬೇಕಾದ ಲಾಭ ಸಲ್ಲಲಿಲ್ಲ. ತನ್ನ ಹಕ್ಕನ್ನು ಕಾಪಾಡಿಕೊಳ್ಳಲು ಮೆಲಿಯೆಸ್ 1903ರಲ್ಲಿ ಅಣ್ಣ ಗ್ಯಾಸ್ಟನ್ನನನ್ನು ನ್ಯೂಯಾರ್ಕಿಗೆ ಕಳುಹಿಸಿ ಅಲ್ಲಿ ಶಾಖೆಯೊಂದನ್ನು ತೆರೆದ. ಆದರೆ ಅಷ್ಟು ಹೊತ್ತಿಗೆ ಚಲನಚಿತ್ರವು ಕುಶಲಕರ್ಮಿಯ ಕೈಗೆಲಸವಾಗಿ ಉಳಿಯದೆ ದೊಡ್ಡ ಉದ್ಯಮವಾಗಿ ಬೆಳೆಯತೊಡಗಿತ್ತು. ದೊಡ್ಡ ಸಂಸ್ಥೆಗಳು ವಾರವಾರವೂ ಹೊಸ ಚಿತ್ರಗಳನ್ನು ತಯಾರಿಸಿ ಬಾಡಿಗೆಗೆ ಕೊಡುತ್ತಿದ್ದವು. ಪ್ರತಿಯೊಂದನ್ನೂ ತನ್ನ ಕೈಯಿಂದಲೇ ಮಾಡುತ್ತಿದ್ದ ಮೆಲಿಯೆಸ್ ಅವುಗಳ ವೇಗಕ್ಕೆ ಸರಿಗಟ್ಟುವುದು ಸಾಧ್ಯವಾಗಲಿಲ್ಲ.

ಅವನ ಸೋಲಿಗೆ ಅವನೂ ಸ್ವಲ್ಪಮಟ್ಟಿಗೆ ಕಾರಣನಾಗಿದ್ದ. ಅವನ ಕ್ಯಾಮೆರಾ ರಂಗಮಂದಿರದ ನಡುವಿನ ಆಸನದಲ್ಲಿ ಕುಳಿತ ಪ್ರೇಕ್ಷಕನಂತೆ ಒಂದೇ ಕಡೆ ನಿಂತಿರುತ್ತಿತ್ತು. ಬೇರೆಯವರು ಕ್ಯಾಮೆರಾವನ್ನು ಹೊರಗೆ ಕೊಂಡೊಯ್ದು, ಹತ್ತಿರದಿಂದಲೂ ದೂರದಿಂದಲೂ ಚಿತ್ರಿಸಿ, ಕಥೆ ಹೇಳುವ ಹೊಸ ಬಗೆಗಳನ್ನು ಕಂಡುಕೊಂಡಿದ್ದರು. ಜನರ ಅಭಿರುಚಿ ಬದಲಾಯಿತು, ಮೆಲಿಯೆಸ್ ಬದಲಾಗಲಿಲ್ಲ. 1911ರಲ್ಲಿ ಅವನು ಮನೆಯನ್ನೂ ಚಿತ್ರಶಾಲೆಯನ್ನೂ ಒತ್ತೆಯಿಟ್ಟು ಪಾಥೆ ಸಂಸ್ಥೆಯಿಂದ ಹಣ ಪಡೆದ. ಆ ಹಣದಿಂದ ತೆಗೆದ ಧ್ರುವವಿಜಯ ಮೊದಲಾದ ಚಿತ್ರಗಳು ಯಶಸ್ವಿಯಾಗಲಿಲ್ಲ. 1913ರಲ್ಲಿ ಹೆಂಡತಿ ಯೂಜೆನಿ ತೀರಿಕೊಂಡಳು. ಮರುವರ್ಷ ಮಹಾಯುದ್ಧ ಆರಂಭವಾಗಿ ರಂಗಮಂದಿರದ ಬಾಗಿಲು ಮುಚ್ಚಿತು. ಮೆಲಿಯೆಸ್ ಮತ್ತೆ ಚಿತ್ರ ತೆಗೆಯಲಿಲ್ಲ.

ಯುದ್ಧಕಾಲದಲ್ಲಿ ಅವನ ನಾಲ್ಕುನೂರಕ್ಕೂ ಹೆಚ್ಚು ಚಿತ್ರಸುರುಳಿಗಳನ್ನು ಸೈನ್ಯ ವಶಪಡಿಸಿಕೊಂಡಿತು. ಅವುಗಳನ್ನು ಕರಗಿಸಿ ಬೆಳ್ಳಿಯನ್ನು ಬೇರ್ಪಡಿಸಿದರು. ಉಳಿದ ಸೆಲ್ಯುಲಾಯ್ಡನ್ನು ಬೂಟುಗಳ ಹಿಮ್ಮಡಿಗಳಿಗೆ ಬಳಸಿದರು. ವಿಧಿಯ ವಿಪರ್ಯಾಸ ಎಂಥದು! ಬೂಟಿನ ಕಾರ್ಖಾನೆ ಬೇಡವೆಂದು ಬಿಟ್ಟು ಬಂದವನ ಕನಸುಗಳೆಲ್ಲ ಕೊನೆಗೆ ಬೂಟುಗಳ ಹಿಮ್ಮಡಿಗಳಾದವು. ಯುದ್ಧ ಮುಗಿದರೂ ಅವನ ಕಷ್ಟ ಮುಗಿಯಲಿಲ್ಲ. 1923ರಲ್ಲಿ ಸಾಲಕ್ಕಾಗಿ ಮಾಂತ್ರೇಯ್‌ನ ಆಸ್ತಿ ಕೈಬಿಟ್ಟಿತು. ರಸ್ತೆಯನ್ನು ವಿಸ್ತರಿಸುವುದಕ್ಕಾಗಿ ರಾಬರ್ಟ್-ಹೂಡಿನ್ ರಂಗಮಂದಿರವನ್ನು ನೆಲಸಮ ಮಾಡಲಾಯಿತು. ತನ್ನ ಬಳಿ ಉಳಿದಿದ್ದ ಮೂಲ ಸುರುಳಿಗಳನ್ನು ಇಡಲು ಸ್ಥಳವಿಲ್ಲದೆ, ಕೊಳ್ಳುವವರೂ ಇಲ್ಲದೆ, ಮನನೊಂದ ಮೆಲಿಯೆಸ್ ತೋಟದಲ್ಲಿ ಅವುಗಳಿಗೆ ತಾನೇ ಬೆಂಕಿಯಿಟ್ಟ. ಜೀವಮಾನವೆಲ್ಲ ವಸ್ತುಗಳನ್ನು ಮಾಯಮಾಡಿ ಮತ್ತೆ ತೋರಿಸಿದವನು ಅಂದು ಮಾಯಮಾಡಿದ್ದನ್ನು ಮತ್ತೆ ತೋರಿಸುವುದು ಅವನಿಂದಲೂ ಆಗದ ಮಾತಾಗಿತ್ತು.

1925ರಲ್ಲಿ ಅವನು ತನ್ನ ಹಳೆಯ ಸಹನಟಿ ಜೆಹಾನ್ ದಾಲ್ಸಿಯನ್ನು ಮದುವೆಯಾದ. ಪ್ಯಾರಿಸಿನ ಮಾಂಪಾರ್ನಾಸ್ ರೈಲುನಿಲ್ದಾಣದಲ್ಲಿ ಆಕೆಗೆ ಆಟಿಕೆಗಳನ್ನೂ ಮಿಠಾಯಿಯನ್ನೂ ಮಾರುವ ಪುಟ್ಟ ಅಂಗಡಿಯೊಂದಿತ್ತು. ಗಂಡಹೆಂಡಿರಿಬ್ಬರೂ ಅದರಲ್ಲಿ ಕುಳಿತರು. ಬೆಳಗಿನಿಂದ ರಾತ್ರಿಯವರೆಗೆ, ಬೇಸಗೆಯ ಬಿಸಿಲಿನಲ್ಲಿ, ಚಳಿಗಾಲದ ಕೊರೆಯುವ ಗಾಳಿಯಲ್ಲಿ, ರಜೆಯೇ ಇಲ್ಲದ ದುಡಿಮೆ. ಚಂದ್ರಲೋಕಕ್ಕೆ ಜನರನ್ನು ಕರೆದೊಯ್ದವನು ರೈಲಿಗೆ ಹೊರಟ ಮಕ್ಕಳಿಗೆ ಬೊಂಬೆ ಮಾರುತ್ತಿದ್ದ. ಅವನಾರೆಂದು ಕೊಳ್ಳುವವರಿಗೆ ತಿಳಿದಿರಲಿಲ್ಲ. ಸತ್ತುಹೋಗಿರಬಹುದೆಂದೇ ಬಹುಮಂದಿ ಭಾವಿಸಿದ್ದರು.

ಆ ದಶಕದ ಕೊನೆಯಲ್ಲಿ ಲಿಯೋನ್ ಡ್ರೂಹೋ ಎಂಬ ಚಲನಚಿತ್ರ ಪತ್ರಿಕೆಯ ಸಂಪಾದಕ ಆ ಅಂಗಡಿಯಲ್ಲಿ ಅವನನ್ನು ಗುರುತಿಸಿದ. ಪತ್ರಿಕೆಗಳಲ್ಲಿ ಲೇಖನಗಳು ಬಂದವು. ಮೋಕ್ಲೇರ್ ಎಂಬ ಚಿತ್ರಮಂದಿರದ ಒಡೆಯ ಹಳ್ಳಿಗಾಡಿನ ಬಂಗಲೆಯೊಂದರಲ್ಲಿ ಧೂಳು ತಿನ್ನುತ್ತಿದ್ದ ಮೆಲಿಯೆಸನ ಕೆಲವು ಸುರುಳಿಗಳನ್ನು ಪತ್ತೆಮಾಡಿದ. 1929ರ ಡಿಸೆಂಬರ್ 16ರಂದು ಪ್ಯಾರಿಸಿನ ಪ್ಲೇಯೆಲ್ ಸಭಾಂಗಣದಲ್ಲಿ ಎಂಟು ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಅಂದು ತೆರೆಯ ಮೇಲೆ ಹೊಸದಾಗಿ ತೆಗೆದ ಒಂದು ಪುಟ್ಟ ದೃಶ್ಯವನ್ನೂ ತೋರಿಸಿದರು. ಪ್ಯಾರಿಸಿನ ಬೀದಿಗಳಲ್ಲಿ ಮುದುಕ ಮೆಲಿಯೆಸ್ ದಾರಿತಪ್ಪಿ ಅಲೆಯುತ್ತಾನೆ. ಗೋಡೆಯ ಮೇಲೆ ತನ್ನದೇ ದೊಡ್ಡ ಭಾವಚಿತ್ರವನ್ನು ಕಂಡು ಅದರೊಳಕ್ಕೆ ನುಗ್ಗುತ್ತಾನೆ. ಅಷ್ಟರಲ್ಲಿ ದೀಪಗಳು ಹೊತ್ತಿಕೊಂಡವು. ರಂಗದ ಮೇಲಿದ್ದ ಕಾಗದದ ಭಾವಚಿತ್ರವನ್ನು ಹರಿದುಕೊಂಡು ಅರವತ್ತೆಂಟು ವರ್ಷದ ಜಾದೂಗಾರ ಸಾಕ್ಷಾತ್ತಾಗಿ ಪ್ರೇಕ್ಷಕರ ಎದುರು ನಿಂತ! ಸಭಾಂಗಣ ಕರತಾಡನದಿಂದ ತುಂಬಿಹೋಯಿತು. ಮಾಯವಾಗಿದ್ದವನು ಮರಳಿ ಬಂದಿದ್ದ.

1931ರಲ್ಲಿ ಫ್ರಾನ್ಸ್ ಸರ್ಕಾರ ಅವನಿಗೆ ಲೀಜನ್ ಆಫ್ ಆನರ್ ಪದಕವನ್ನಿತ್ತು ಗೌರವಿಸಿತು. ಪದಕವನ್ನು ಪ್ರದಾನ ಮಾಡಿದಾತ ಲೂಯಿ ಲೂಮಿಯೇರ್. ಅಂದು ಯಂತ್ರವನ್ನು ಮಾರಲು ಒಪ್ಪದಿದ್ದ ಮನೆತನದ ಮಗನೇ ಈಗ ಅವನ ಎದೆಗೆ ಪದಕವನ್ನು ತೊಡಿಸಿದ. ಆದರೆ ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಗೌರವ ಪಡೆದ ಮೇಲೆಯೂ ಅವನು ಅಂಗಡಿಯಲ್ಲಿ ಕುಳಿತೇ ದುಡಿಯಬೇಕಾಯಿತು. 1932ರಲ್ಲಿ ಚಲನಚಿತ್ರ ಕಲಾವಿದರ ಸಂಘವು ಓರ್ಲಿ ಎಂಬಲ್ಲಿದ್ದ ತನ್ನ ವಿಶ್ರಾಂತಿಗೃಹದಲ್ಲಿ ಅವನಿಗೆ ಆಶ್ರಯ ಕೊಟ್ಟಿತು. ಹೆಂಡತಿ ಜೆಹಾನಳೊಡನೆಯೂ ಮೊಮ್ಮಗಳು ಮ್ಯಾಡಲೀನಳೊಡನೆಯೂ ಅವನು ಅಲ್ಲಿ ನೆಮ್ಮದಿ ಕಂಡ. ಹೆನ್ರಿ ಲಾಂಗ್ಲ್ವಾ ಮೊದಲಾದ ತರುಣರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಹಳೆಯ ಚಿತ್ರಗಳು ನಾಶವಾಗದಂತೆ ಕಾಪಾಡಬೇಕೆಂಬುದು ಅವರ ಹಂಬಲ. ತಾವು ಕೂಡಿಟ್ಟ ಸುರುಳಿಗಳನ್ನು ಅಲ್ಲಿನ ಕಟ್ಟಡವೊಂದರಲ್ಲಿಟ್ಟು ಅದರ ಬೀಗದಕೈಯನ್ನು ಅವರು ಮೆಲಿಯೆಸನ ಕೈಗೆ ಕೊಟ್ಟರು. ತನ್ನ ಚಿತ್ರಗಳನ್ನು ಸುಟ್ಟ ಕೈಗಳೇ ಇತರರ ಚಿತ್ರಗಳನ್ನು ಕಾಯುವ ಕೈಗಳಾದವು.

1938ರ ಜನವರಿ 21ರಂದು, ತನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಮೆಲಿಯೆಸ್ ಪ್ಯಾರಿಸಿನಲ್ಲಿ ಕೊನೆಯುಸಿರೆಳೆದ. ಕಾಯಿಲೆಯ ಹಾಸಿಗೆಯಲ್ಲಿಯೂ ಅವನು ಚಿತ್ರ ಬಿಡಿಸುವುದನ್ನು ಬಿಟ್ಟಿರಲಿಲ್ಲ. ನೋಡಲು ಬಂದ ಗೆಳೆಯರಿಗೆ, ಬಿರಟೆ ಹಾರಿ ನೊರೆಯುಕ್ಕುವ ಪಾನೀಯದ ಸೀಸೆಯ ಚಿತ್ರವನ್ನು ತೋರಿಸಿ, ತನಗಾಗಿ ಅಳದೆ ನಗಬೇಕೆಂದು ಕೇಳಿಕೊಂಡ. ಅವನ ಐದುನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಸುಮಾರು ಇನ್ನೂರು ಮಾತ್ರ ಉಳಿದಿವೆ. ಅವುಗಳಲ್ಲಿ ಕೆಲವು ಉಳಿದದ್ದು ಪರದೇಶಗಳ ಮೂಲೆಗಳಲ್ಲಿ ಪ್ರತಿಗಳು ಅಡಗಿದ್ದುದರಿಂದ. ಚಂದ್ರಲೋಕ ಯಾತ್ರೆಯ ಬಣ್ಣದ ಪ್ರತಿಯೊಂದು 1993ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ದೊರೆಯಿತು. ಗಟ್ಟಿಯಾಗಿ ಅಂಟಿಕೊಂಡಿದ್ದ ಆ ಸುರುಳಿಯನ್ನು ತಜ್ಞರು ಬಹಳ ವರ್ಷ ಶ್ರಮಿಸಿ ಬಿಡಿಸಿದರು. 2011ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು.

ಮೆಲಿಯೆಸ್ ಲೋಕಕ್ಕೆ ಕೊಟ್ಟದ್ದು ನಗೆ. ಲೋಕ ಅದನ್ನು ಸವಿದು ಅವನನ್ನು ಮರೆತುಬಿಟ್ಟಿತು, ಬಹುತಡವಾಗಿ ನೆನಪಿಸಿಕೊಂಡಿತು. ಕಲಾವಿದನನ್ನು ಮರೆತರೆ ಅವನ ಕಲೆಯೂ ನಮ್ಮ ಕೈತಪ್ಪಿಹೋಗುತ್ತದೆ ಎಂಬುದಕ್ಕೆ ಅವನ ತೋಟದ ಬೆಂಕಿಯೇ ಸಾಕ್ಷಿ. ಕೆಟ್ಟ ಸುರುಳಿಯಲ್ಲಿ ಅವನು ಹೊಸ ಕಲೆಯನ್ನು ಕಂಡ. ಇಷ್ಟವಿಲ್ಲದ ಕೆಲಸದಲ್ಲಿ ವಿದ್ಯೆಯನ್ನು ಗಳಿಸಿದ. ಬಡತನದಲ್ಲಿಯೂ ದುಡಿಮೆಗೆ ನಾಚಲಿಲ್ಲ. ಜಾದೂಗಾರನ ಪೆಟ್ಟಿಗೆಯೊಳಗಿನ ಗುಟ್ಟು ಇಂದಲ್ಲ ನಾಳೆ ಬಯಲಾಗುತ್ತದೆ. ಅವನು ಉಕ್ಕಿಸಿದ ನಗೆ ಮಾತ್ರ, ಆ ಚಿತ್ರಗಳನ್ನು ನೋಡುವ ಪ್ರತಿಯೊಂದು ಮಗುವಿನ ಮುಖದಲ್ಲಿ ಇಂದಿಗೂ ಅರಳುತ್ತದೆ.